ತೆರಿಗೆ ಇಳಿಸಿದಷ್ಟು ಖರ್ಚಿಗೂ ಮಿತಿ ಹಾಕಿ ಅಂತ ಕಾಯ್ದೆಯಲ್ಲಿ ಬರೆಸಬಹುದಾ? ಬರೆಸಿದರೆ ಹೇಗೆ?

ಗಿರಿಸಾಲು_ಚಿಕ್ಕಮಗಳೂರು ಕೇಳಿದ್ದು

ಬಜೆಟ್ ಪೂರ್ವ ಸಭೆಗೆ ನಮ್ಮ ತಾಲ್ಲೂಕಿನ ಬೆಳೆಗಾರರ ಕಡೆಯಿಂದ ಒಂದು ಮನವಿ ತಯಾರಾಗುತ್ತಿದೆ. ಬೇಡಿಕೆ ಎರಡು. 2025ರ ಏಪ್ರಿಲ್‌ನಲ್ಲಿ ಶೇ. 18.44ರಿಂದ 21.17ಕ್ಕೆ ಏರಿಸಿದ ಡೀಸೆಲ್ ಮಾರಾಟ ತೆರಿಗೆಯನ್ನು ಹಿಂದಿನ ಮಟ್ಟಕ್ಕೆ ಇಳಿಸಬೇಕು. ಅದೇ ವರ್ಷ ಆಗಸ್ಟ್ ಕೊನೆಗೆ ಶೇ. 1ರಿಂದ 2ಕ್ಕೆ ಏರಿಸಿದ ನೋಂದಣಿ ಶುಲ್ಕವನ್ನು ಮತ್ತೆ ಶೇ. 1ಕ್ಕೆ ತರಬೇಕು.

ಇಷ್ಟೇ ಬರೆದರೆ "ದುಡ್ಡು ಎಲ್ಲಿಂದ ತರೋಣ" ಅನ್ನುವ ಒಂದೇ ಮಾತಿನಲ್ಲಿ ಹಣಕಾಸು ಇಲಾಖೆ ಕಡತ ಮುಚ್ಚುತ್ತದೆ. ಹಾಗಾಗಿ ಮೂರನೆಯದಾಗಿ ಹೀಗೆ ಸೇರಿಸುವ ಯೋಚನೆ ಇದೆ: "ತೆರಿಗೆ ಎಷ್ಟು ಇಳಿಸುತ್ತೀರೋ ಅಷ್ಟಕ್ಕೆ ಸರ್ಕಾರದ ಖರ್ಚಿಗೂ ಮಿತಿ ಹಾಕಿ. ಅದನ್ನು 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೇ ಸೇರಿಸಿ."

ಗೊತ್ತಿದ್ದವರು ಮೂರು ವಿಷಯ ಬಿಡಿಸಿ ಹೇಳಿ. ರಾಜ್ಯ ಸರ್ಕಾರಕ್ಕೆ ಇಂಥ ಮಿತಿ ಕಾನೂನಿನಲ್ಲಿ ಹಾಕಲು ಬರುತ್ತದಾ? ಬೇರೆ ಕಡೆ ಮಾಡಿದ್ದು ಎಲ್ಲಿ ನಿಂತಿತು, ಎಲ್ಲಿ ಬಿತ್ತು? ನಮ್ಮ ಜಿಲ್ಲೆಗೆ ಇದರಿಂದ ಏನು ಪೆಟ್ಟು ಬೀಳಬಹುದು? ಪಕ್ಷದ ವಾದ ಬೇಡ. ಮನವಿಯಲ್ಲಿ ಬರೆಯಲು ಬರುವಂಥ ಉತ್ತರ ಬೇಕು.

---

ಆಯವ್ಯಯ_ಹಾಸನ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಕೇಂದ್ರಕ್ಕೂ ರಾಜ್ಯಕ್ಕೂ ಈ ಪ್ರಶ್ನೆ ಒಂದೇ ಅಲ್ಲ. ಕೇಂದ್ರ ತೆರಿಗೆ ಇಳಿಸಿ ಕೊರತೆಯನ್ನು ಸಾಲದಿಂದ ತುಂಬಿಕೊಳ್ಳಬಹುದು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯ ಮೂಲ ದರವನ್ನು ಶೇ. 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂ. ಕೈಬಿಡುತ್ತದೆ ಎಂದು ಸರ್ಕಾರವೇ ಹೇಳಿತ್ತು. ಅಷ್ಟೇ ಖರ್ಚು ಕಡಿಮೆ ಮಾಡಬೇಕು ಅನ್ನುವ ಯಾವ ಷರತ್ತೂ ಅದರ ಜೊತೆ ಇರಲಿಲ್ಲ. ರಾಜ್ಯಕ್ಕೆ ಆ ಸಲೀಸು ಇಲ್ಲ. ಸಂವಿಧಾನದ 293(3)ನೇ ವಿಧಿಯ ಪ್ರಕಾರ, ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆಗೆ ಪ್ರತಿ ವರ್ಷ ಒಂದು ಮಿತಿ ಇರುತ್ತದೆ.

ಈಗ 2025-26ರ ಕರ್ನಾಟಕ ಬಜೆಟ್ ಅಂದಾಜು ನೋಡಿ. ಒಟ್ಟು ಗಾತ್ರ 4,09,549 ಕೋಟಿ. ರಾಜಸ್ವ ಸ್ವೀಕೃತಿ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ, ಅಂದರೆ ರಾಜಸ್ವ ಕೊರತೆ 19,262 ಕೋಟಿ. ಬಂಡವಾಳ ವೆಚ್ಚ 71,336 ಕೋಟಿ, ಸಾಲ ಮರುಪಾವತಿ 26,474 ಕೋಟಿ. ವಿತ್ತೀಯ ಕೊರತೆ, ಅಂದರೆ ಆ ವರ್ಷ ಸಾಲದಿಂದ ತುಂಬಬೇಕಾದ ಅಂತರ, 90,428 ಕೋಟಿ. ಅದು ಜಿಎಸ್‌ಡಿಪಿಯ (ರಾಜ್ಯದ ಒಟ್ಟು ವಾರ್ಷಿಕ ಉತ್ಪನ್ನದ) ಶೇ. 2.95. ಕಾಯ್ದೆಯ ಮಿತಿ ಶೇ. 3. ಆ ಶೇ. 0.05 ಅಂದರೆ ಸುಮಾರು 1,500 ಕೋಟಿ. ತೆರಿಗೆ ಇಳಿಸಿ ಸಾಲದಿಂದ ತುಂಬಿಕೊಳ್ಳಲು ಉಳಿದಿದ್ದ ಜಾಗ ಅಷ್ಟೇ. ಒಟ್ಟು ಸಾಲದ ಹೊಣೆಯೂ ಶೇ. 24.91, ಅದರ ಮಿತಿ ಶೇ. 25.

ಇದರ ಅರ್ಥ ಏನೆಂದರೆ, ತೆರಿಗೆ ಕಡಿತಕ್ಕೂ ಖರ್ಚಿಗೂ ನೀವು ಹಾಕಲು ಕೇಳುತ್ತಿರುವ ಗಂಟು ಆಗಲೇ ಬಿದ್ದಿದೆ. 1,500 ಕೋಟಿಗಿಂತ ಹೆಚ್ಚು ತೆರಿಗೆ ಬಿಟ್ಟರೆ ಅದೇ ವರ್ಷ ಖರ್ಚು ಇಳಿಯಲೇಬೇಕು. ಯಾವ ಖರ್ಚು ಇಳಿಯುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ. ಕಾಯ್ದೆ ಅಲ್ಲಿ ಮೌನವಾಗಿದೆ.

ಒಂದು ಉದಾಹರಣೆ ಲೆಕ್ಕ. ಒಂದು ರಾಜ್ಯ 100 ರೂ. ಖರ್ಚು ಮಾಡುತ್ತದೆ ಅನ್ನಿ. ಅದರಲ್ಲಿ ಸಂಬಳ, ಪಿಂಚಣಿ, ಬಡ್ಡಿ 55 ರೂ. ಇದನ್ನು ಮುಟ್ಟಲು ಬರುವುದಿಲ್ಲ. ಬಡ್ಡಿಯಂತೂ ಪ್ರಭೃತ ವೆಚ್ಚ, ಸದನದ ಮತಕ್ಕೂ ಬರುವುದಿಲ್ಲ. ಸಹಾಯಧನ, ನೇರ ವರ್ಗಾವಣೆ 20 ರೂ. ಇದನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಇಲ್ಲ. ಉಳಿದದ್ದು 25 ರೂ. ತೆರಿಗೆ ಕಡಿತ 3 ರೂ. ಆದರೆ ಕಾಗದದಲ್ಲಿ ಅದು ಶೇ. 3. ಬೀಳುವುದು ಆ 25ರ ಮೇಲೆ, ಅಲ್ಲಿ ಅದು ಶೇ. 12. ಆ 25ರಲ್ಲಿ ಇರುವುದು ರಸ್ತೆ, ಕಾಲುವೆ, ಕಟ್ಟಡ, ಔಷಧ, ರಿಪೇರಿ.

ಕಾನೂನಿನಲ್ಲಿ ಬರುತ್ತದಾ ಅಂದರೆ, ಬರುತ್ತದೆ. ಆದರೆ ರಾಜ್ಯದ ಕಾಯ್ದೆಯನ್ನು ಮುಂದಿನ ವಿಧಾನಮಂಡಲ ಸಾಮಾನ್ಯ ಬಹುಮತದಿಂದಲೇ ಬದಲಿಸಬಹುದು. 2020ರಲ್ಲಿ ಕೋವಿಡ್ ಹೊತ್ತಿಗೆ ಆ ವರ್ಷದ ಕೊರತೆಯ ಮಿತಿಯನ್ನು ಶೇ. 3ರಿಂದ 5ಕ್ಕೆ ಏರಿಸಿದ್ದು ಹಾಗೆಯೇ. ಅವತ್ತು ಅದು ಸರಿಯಾದ ಕೆಲಸವೇ ಆಗಿತ್ತು. ಮಿತಿ ಎಷ್ಟು ಗಟ್ಟಿ ಅನ್ನುವುದಕ್ಕೆ ಉದಾಹರಣೆಯಾಗಿ ಹೇಳಿದೆ.

---

ಹಳೇಬೀಡು_ಓದುಗ

ಹೊರಗಿನ ಅನುಭವ ನಾನು ಹೇಳುತ್ತೇನೆ.

"ತೆರಿಗೆ ಇಳಿಸಿಬಿಡಿ, ದುಡ್ಡಿಲ್ಲದಿದ್ದರೆ ಸರ್ಕಾರ ತಾನೇ ಖರ್ಚು ಇಳಿಸುತ್ತದೆ" ಅನ್ನುವುದು ಅಮೆರಿಕದ ಹಳೆಯ ವಾದ. 1981ರಲ್ಲಿ ರೇಗನ್ ದೊಡ್ಡ ಪ್ರಮಾಣದಲ್ಲಿ ಆದಾಯ ತೆರಿಗೆ ಇಳಿಸಿದರು. ಖರ್ಚು ಅದಕ್ಕೆ ಸರಿಯಾಗಿ ಇಳಿಯಲಿಲ್ಲ. ಮರುವರ್ಷವೇ, 1982ರಲ್ಲಿ, ಕಳೆದುಕೊಂಡದ್ದರಲ್ಲಿ ಒಂದಷ್ಟನ್ನು ಬೇರೆ ತೆರಿಗೆಗಳಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು. ಎಂಟು ವರ್ಷದಲ್ಲಿ ರಾಷ್ಟ್ರದ ಸಾಲ ಹತ್ತಿರ ಹತ್ತಿರ ಮೂರು ಪಟ್ಟಾಯಿತು. ಸಾಲ ಸಿಗುವ ಸರ್ಕಾರಕ್ಕೆ ದುಡ್ಡಿಲ್ಲದ ಬಿಸಿ ತಟ್ಟುವುದೇ ಇಲ್ಲ. ಜನರಿಗೂ ಸೌಲಭ್ಯ ಅಗ್ಗಕ್ಕೆ ಸಿಕ್ಕಂತೆ ಕಾಣುತ್ತದೆ, ಹಾಗಾಗಿ ಇನ್ನಷ್ಟು ಕೇಳುತ್ತಾರೆ.

ಕಾನ್ಸಾಸ್ ರಾಜ್ಯ 2012ರಲ್ಲಿ ಆದಾಯ ತೆರಿಗೆ ಇಳಿಸಿ, ಪಾಲುದಾರಿಕೆ ಸಂಸ್ಥೆ ಮತ್ತು ಸಣ್ಣ ಉದ್ಯಮಗಳಿಂದ ಮಾಲೀಕರಿಗೆ ಬರುವ ಆದಾಯಕ್ಕೆ ಪೂರ್ತಿ ವಿನಾಯಿತಿ ಕೊಟ್ಟಿತು. ಖರ್ಚಿಗೆ ಜೊತೆಯ ಯೋಜನೆ ಇರಲಿಲ್ಲ. ಹೆದ್ದಾರಿ ನಿಧಿಯ ದುಡ್ಡನ್ನು ಸಾಮಾನ್ಯ ಖಾತೆಗೆ ಎಳೆದುಕೊಂಡರು. 2017ರಲ್ಲಿ ರಾಜ್ಯಪಾಲರ ವೀಟೊ ಮೀರಿ ಶಾಸಕರೇ ಬಹುಪಾಲು ಕಡಿತವನ್ನು ರದ್ದು ಮಾಡಿದರು. ಬ್ರಿಟನ್ 2022ರ ಸೆಪ್ಟೆಂಬರ್‌ನಲ್ಲಿ ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತವನ್ನು ಖರ್ಚಿನ ಲೆಕ್ಕವಿಲ್ಲದೆ, ಸ್ವತಂತ್ರ ಸಂಸ್ಥೆಯ ಮುನ್ನಂದಾಜು ಪ್ರಕಟಿಸದೆ ಘೋಷಿಸಿತು. ಸರ್ಕಾರಿ ಬಾಂಡ್‌ಗಳ ಬೆಲೆ ಕುಸಿದು ಐದೇ ದಿನದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಖರೀದಿಗೆ ಇಳಿಯಬೇಕಾಯಿತು.

ಮಿತಿಯನ್ನು ಬರೆದಿಟ್ಟೂ ಕೆಟ್ಟದ್ದು ಕೊಲೊರಾಡೊ. 1992ರಲ್ಲಿ ಅಲ್ಲಿನ ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದು, ಸರ್ಕಾರ ಇಟ್ಟುಕೊಳ್ಳುವ ರಾಜಸ್ವ ವರ್ಷಕ್ಕೆ ಹಣದುಬ್ಬರ ಮತ್ತು ಜನಸಂಖ್ಯೆಯ ಏರಿಕೆಯಷ್ಟೇ ಬೆಳೆಯಬೇಕು, ಮಿಕ್ಕದ್ದನ್ನು ಜನರಿಗೆ ಹಿಂತಿರುಗಿಸಬೇಕು, ತೆರಿಗೆ ಏರಿಸಲು ಮತದಾರರ ಒಪ್ಪಿಗೆ ಬೇಕು ಎಂದು ಬರೆದರು. ತಪ್ಪಿದ್ದು ಒಂದು ಕಡೆ. ಹಿಂದಿನ ವರ್ಷದ ಮಿತಿ ಮತ್ತು ಹಿಂದಿನ ವರ್ಷ ನಿಜವಾಗಿ ಬಂದ ರಾಜಸ್ವ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಮುಂದಿನ ವರ್ಷದ ಬುಡವಾಗಿ ಹಿಡಿದರು. 2001ರ ಹಿಂಜರಿತದಲ್ಲಿ ರಾಜಸ್ವ ಕುಸಿಯಿತು. ಆರ್ಥಿಕತೆ ಚೇತರಿಸಿಕೊಂಡ ಮೇಲೂ ಮಿತಿ ಆ ಕುಸಿದ ಮಟ್ಟದಿಂದಲೇ ಮೇಲೇರಬೇಕಾಯಿತು. 2005ರಲ್ಲಿ ಮತದಾರರೇ ಐದು ವರ್ಷ ಆ ಮಿತಿಯನ್ನು ಅಮಾನತಿನಲ್ಲಿಟ್ಟರು. ಬುಡ ಯಾವುದು ಅನ್ನುವ ಒಂದು ಸಾಲು ಇಡೀ ಕಾನೂನಿಗಿಂತ ದೊಡ್ಡದು.

ನಿಂತದ್ದು ಸ್ವಿಟ್ಜರ್ಲೆಂಡಿನ ಸಾಲದ ಬ್ರೇಕು. 2001ರ ಜನಮತಗಣನೆಯಲ್ಲಿ ಸುಮಾರು ಶೇ. 85 ಮತ ಬಿತ್ತು, 2003ರಿಂದ ಜಾರಿ. ಸೂತ್ರ ಸರಳ: ವರ್ಷದ ಖರ್ಚಿನ ಮಿತಿ ಅಂದರೆ ಆ ವರ್ಷ ನಿರೀಕ್ಷಿಸಿದ ರಾಜಸ್ವವನ್ನು ಒಂದು ಅಂಶದಿಂದ ಗುಣಿಸಿದ್ದು. ಆ ಅಂಶ ಎಂದರೆ ದೀರ್ಘಾವಧಿ ಪ್ರವೃತ್ತಿಯ ಉತ್ಪನ್ನವನ್ನು ಆ ವರ್ಷದ ನಿಜವಾದ ಉತ್ಪನ್ನದಿಂದ ಭಾಗಿಸಿದ್ದು. ಕಷ್ಟದ ವರ್ಷದಲ್ಲಿ ಅದು 1ಕ್ಕಿಂತ ಹೆಚ್ಚು, ಸ್ವಲ್ಪ ಕೊರತೆಗೆ ಜಾಗ. ಸುಗ್ಗಿಯ ವರ್ಷದಲ್ಲಿ 1ಕ್ಕಿಂತ ಕಡಿಮೆ, ಉಳಿತಾಯ ಕಡ್ಡಾಯ. ಅಂದಾಜು ತಪ್ಪಿದ್ದೆಲ್ಲ ಒಂದು ಸರಿದೂಗಿಸುವ ಖಾತೆಗೆ ಹೋಗುತ್ತದೆ. ಆ ಖಾತೆಯ ಕೊರತೆ ಖರ್ಚಿನ ಶೇ. 6 ದಾಟಿದರೆ ಮೂರು ವರ್ಷದೊಳಗೆ ತೀರಿಸಬೇಕು. ಅಲ್ಲಿ ತೆರಿಗೆ ಇಳಿಸಿದರೆ ಖರ್ಚಿನ ಮಿತಿ ತಾನಾಗಿ ಇಳಿಯುತ್ತದೆ, ಬೇರೆ ಷರತ್ತೇ ಬೇಡ.

ಕೆನಡಾದ ಕ್ರಮವೂ ಗಮನಿಸಿ. 1995ರ ಬಜೆಟ್‌ನಲ್ಲಿ ಖರ್ಚು ಕಡಿತ, 1997-98ರಲ್ಲಿ ಮಿಗತೆ, ದೊಡ್ಡ ತೆರಿಗೆ ಕಡಿತ 2000ದಲ್ಲಿ. ಖರ್ಚು ಮೊದಲು, ತೆರಿಗೆ ಆಮೇಲೆ.

---

ಎತ್ತಿನಹಳ್ಳ_ಕಡೆಯವ

ಆಯವ್ಯಯ_ಹಾಸನ ಸರ್ ಹೇಳಿದ 25 ರೂಪಾಯಿ ನಮ್ಮ ಜಿಲ್ಲೆಗಳಲ್ಲಿ ಹೇಗೆ ಕಾಣುತ್ತದೆ ಅಂತ ನೋಡೋಣ.

ಬಜೆಟ್ ಪುಸ್ತಕದಲ್ಲಿ ಲೆಕ್ಕ ಶೀರ್ಷಿಕೆಗಳ ನಾಲ್ಕಂಕಿ ಸಂಖ್ಯೆ ಇರುತ್ತದೆ. 2000ದಿಂದ 3999ರವರೆಗೆ ರಾಜಸ್ವ ವೆಚ್ಚ, 4000ದಿಂದ 5999ರವರೆಗೆ ಬಂಡವಾಳ. ರಸ್ತೆ ಮತ್ತು ಸೇತುವೆ ಹೊಸದಾಗಿ ಮಾಡಿದರೆ 5054. ಇರುವ ರಸ್ತೆಯ ನಿರ್ವಹಣೆ 3054. ಎಲ್ಲರೂ "ಬಂಡವಾಳ ವೆಚ್ಚ ಮುಟ್ಟಬೇಡಿ" ಎಂದು ಬರೆಯುತ್ತಾರೆ. ಬರೆದರೆ ಏಟು 3054ಕ್ಕೆ ಬೀಳುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಜಿಲ್ಲಾ ಮುಖ್ಯ ರಸ್ತೆಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಪಕ್ಕದ ಚರಂಡಿ ತೋಡಬೇಕು, ಮೋರಿಯ ಬಾಯಿ ಬಿಡಿಸಬೇಕು, ಡಾಂಬರಿನ ಅಂಚಿಗೆ ಮಣ್ಣು ಕೊಟ್ಟು ಗಟ್ಟಿ ಮಾಡಬೇಕು. ಆ ದುಡ್ಡು ಬರಲಿಲ್ಲವೋ, ಜುಲೈ ಮಳೆಯಲ್ಲಿ ನೀರು ಚರಂಡಿ ಬಿಟ್ಟು ರಸ್ತೆಯ ಮೇಲೆ ಹರಿಯುತ್ತದೆ, ಅಂಚು ಕೊರೆಯುತ್ತದೆ, ಕೆಳಗಿನ ಜಲ್ಲಿ ಪದರಕ್ಕೆ ನೀರು ಇಳಿಯುತ್ತದೆ. ಎರಡು ಮಳೆಗಾಲದಲ್ಲಿ ಅದೇ ರಸ್ತೆ 5054ರಲ್ಲಿ ಮರುನಿರ್ಮಾಣಕ್ಕೆ ಬರುತ್ತದೆ. ಮಿತಿ ಪಾಲಿಸಿದಂತೆಯೂ ಆಯಿತು, ಖರ್ಚು ಹಲವು ಪಟ್ಟೂ ಆಯಿತು. ಮನವಿಯಲ್ಲಿ ನಿರ್ವಹಣೆಯ ಶೀರ್ಷಿಕೆಗಳಿಗೆ ರಕ್ಷಣೆ ಬೇಕು ಎಂದು ಹೆಸರು ಹಿಡಿದು ಬರೆಯಿರಿ.

ಇನ್ನು ಮಿತಿ ತಪ್ಪಿಸುವ ದಾರಿಗಳು. ದೊಡ್ಡವು ಮೂರು.

ನಿಗಮಗಳ ಸಾಲ. ಹೇಮಾವತಿ ನಾಲೆಗಳು ಕಾವೇರಿ ನೀರಾವರಿ ನಿಗಮದ ಕೈಯಲ್ಲಿ, ಎತ್ತಿನಹೊಳೆ ಮತ್ತು ಭದ್ರಾ ಮೇಲ್ದಂಡೆ ವಿಶ್ವೇಶ್ವರಯ್ಯ ಜಲ ನಿಗಮದ ಕೈಯಲ್ಲಿ ಇವೆ. ಇಂಥ ನಿಗಮ ಸರ್ಕಾರದ ಖಾತರಿಯ ಮೇಲೆ ಸಾಲ ಎತ್ತಿದರೆ ಆ ವರ್ಷದ ಬಜೆಟ್ ಖರ್ಚಿನಲ್ಲಿ ಅದು ಕಾಣುವುದಿಲ್ಲ, ಮುಂದೆ ಅಸಲು ಬಡ್ಡಿ ತೀರಿಸುವಾಗ ಕಾಣುತ್ತದೆ. 2022-23ರಿಂದ ಕೇಂದ್ರ ಇಂಥ ಬಜೆಟ್‌ನಾಚೆಯ ಸಾಲವನ್ನೂ ರಾಜ್ಯದ ಸಾಲದ ಮಿತಿಗೆ ಸೇರಿಸುತ್ತಿರುವುದರಿಂದ ಈ ದಾರಿ ಕಿರಿದಾಗಿದೆ. ಆದರೂ ಖರ್ಚಿನ ಮಿತಿ ಬರೆಯುವಾಗ ಇದನ್ನು ಸೇರಿಸದಿದ್ದರೆ ಮತ್ತೆ ಅಗಲವಾಗುತ್ತದೆ.

ಬಾಕಿ ಬಿಲ್. ಸರ್ಕಾರದ ಲೆಕ್ಕ ನಗದು ಲೆಕ್ಕ. ಕೆಲಸ ಮುಗಿದು, ಅಳತೆ ಪುಸ್ತಕ ಬರೆದು, ಬಿಲ್ ಪಾಸಾದರೂ ಮಾರ್ಚ್ 31ರೊಳಗೆ ದುಡ್ಡು ಹೋಗದಿದ್ದರೆ ಆ ವರ್ಷದ ಖರ್ಚೇ ಅಲ್ಲ. ಮಿತಿ ಬಿಗಿಯಾದಷ್ಟೂ ಗುತ್ತಿಗೆದಾರರ ಬಾಕಿ ಉದ್ದವಾಗುತ್ತದೆ. ಮುಂದಿನ ಟೆಂಡರ್‌ನಲ್ಲಿ ಅವರು ಆ ಕಾಯುವ ಬಡ್ಡಿಯನ್ನೂ ದರಕ್ಕೆ ಸೇರಿಸುತ್ತಾರೆ.

ವಿದ್ಯುತ್ ಸಹಾಯಧನ. ಪಂಪ್‌ಸೆಟ್ ಮತ್ತು ಮನೆಗಳ ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಎಸ್ಕಾಂಗಳಿಗೆ (ವಿದ್ಯುತ್ ಸರಬರಾಜು ಕಂಪನಿಗಳಿಗೆ) ತುಂಬಿಕೊಡಬೇಕು. ಹಾಸನಕ್ಕೆ ಚಾಮುಂಡೇಶ್ವರಿ ಸಂಸ್ಥೆ, ಚಿಕ್ಕಮಗಳೂರಿಗೆ ಮೆಸ್ಕಾಂ. ತುಂಬಿಕೊಡುವುದು ತಡವಾದರೆ ಎಸ್ಕಾಂ ಸಾಲ ಮಾಡುತ್ತದೆ, ಆ ಬಡ್ಡಿ ದರ ಪರಿಷ್ಕರಣೆಯಲ್ಲಿ ಮಿಕ್ಕ ಗ್ರಾಹಕರ ಬಿಲ್ಲಿಗೆ ಬರುತ್ತದೆ. ಡೀಸೆಲ್‌ನಲ್ಲಿ ಉಳಿದದ್ದು ಕಾಫಿ ಪಲ್ಪರ್‌ನ ಕರೆಂಟ್ ಬಿಲ್ಲಿನಲ್ಲಿ ಹೋಯಿತು.

---

ಕಡೂರು_ಬಯಲು

ನನ್ನ ತಕರಾರು ಇದೆ. ಬಯಲು ಸೀಮೆಯಿಂದ ನೋಡಿದರೆ ಈ ಗಂಟು ಅಪಾಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಬರದ ವರ್ಷ ತೆರಿಗೆಯ ಬೆಳವಣಿಗೆಯೂ ಕುಗ್ಗುತ್ತದೆ, ಟ್ಯಾಂಕರ್, ಮೇವು, ಪರಿಹಾರಕ್ಕೆ ಖರ್ಚೂ ಏರುತ್ತದೆ. ಹಿಂದಿನ ವರ್ಷ ತೆರಿಗೆ ಇಳಿಸಿದ ತಪ್ಪಿಗೆ ಈ ವರ್ಷ ಕಡೂರು, ಅರಸೀಕೆರೆಯ ಟ್ಯಾಂಕರ್ ಬಿಲ್ಲಿಗೆ ಮಿತಿ ಬೀಳಬೇಕಾ?

ಅದಕ್ಕಿಂತ, ತೆರಿಗೆ ಕಡಿತವನ್ನು ತೆರಿಗೆಯಿಂದಲೇ ತುಂಬಿ. ಒಂದು ದರ ಇಳಿಸಿ, ಅರ್ಥವಿಲ್ಲದ ಒಂದು ವಿನಾಯಿತಿಯನ್ನು ತೆಗೆಯಿರಿ. ಖರ್ಚಿನ ಮಿತಿ ಅನ್ನುವುದು ಬಾಯಿಲ್ಲದವರ ಮೇಲೆಯೇ ಬೀಳುತ್ತದೆ. ಸಂಬಳದವರು ಸಂಘಟಿತರು. 7ನೇ ವೇತನ ಆಯೋಗದ ಏರಿಕೆ 2024ರ ಆಗಸ್ಟ್‌ನಿಂದ ಜಾರಿಯಾದದ್ದು ನೆನಪಿರಲಿ. 2023-24ನ್ನು ಬುಡದ ವರ್ಷ ಮಾಡಿದ್ದರೆ ಆ ಏರಿಕೆಯೊಂದೇ ಮಿತಿಯ ಬಹುಪಾಲನ್ನು ತಿಂದುಹಾಕುತ್ತಿತ್ತು.

---

ಆಯವ್ಯಯ_ಹಾಸನ

ಬರದ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಮಾದರಿ ನಮ್ಮಲ್ಲೇ ಇದೆ. ಕೇಂದ್ರದ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಲ್ಲಿ, ರಾಷ್ಟ್ರೀಯ ಭದ್ರತೆ, ವಿಪತ್ತು, ಕೃಷಿ ಕುಸಿದು ಉತ್ಪನ್ನ ಮತ್ತು ಆದಾಯಕ್ಕೆ ತೀವ್ರ ಪೆಟ್ಟು ಬಿದ್ದಾಗ ಗುರಿ ಮೀರಬಹುದು, ಆದರೆ ಜಿಡಿಪಿಯ ಶೇ. 0.5ಕ್ಕಿಂತ ಹೆಚ್ಚು ಮೀರುವಂತಿಲ್ಲ ಎಂದಿದೆ. ಅಂಥ ಕಿಟಕಿ ಇಡಬೇಕು. ಕಿಟಕಿಯ ಜೊತೆಗೆ ಎಷ್ಟು ವರ್ಷದಲ್ಲಿ ಮಿತಿಗೆ ವಾಪಸ್ ಬರಬೇಕು ಅನ್ನುವುದೂ ಬರೆದಿರಬೇಕು.

"ವಿನಾಯಿತಿ ತೆಗೆಯಿರಿ" ಅನ್ನುವುದು ಒಳ್ಳೆಯದೇ, ಆದರೆ ರಾಜ್ಯದ ಕೈಯಲ್ಲಿ ಎಷ್ಟಿದೆ? ಜಿಎಸ್‌ಟಿ ದರ ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ. ಉಳಿಯುವುದು ಪೆಟ್ರೋಲ್ ಡೀಸೆಲ್ ಮಾರಾಟ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ವಿದ್ಯುತ್ ತೆರಿಗೆ. ಹಾಗಾಗಿ ರಾಜ್ಯದ ತೀರ್ಮಾನವಲ್ಲದ ನಷ್ಟವನ್ನು ಮಿತಿಗೆ ಕಟ್ಟಬಾರದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ, ಇನ್‌ಸ್ಟಂಟ್ ಕಾಫಿಯದು 18ರಿಂದ 5ಕ್ಕೆ ಇಳಿಯಿತು. ಬೆಳೆಗಾರರಿಗೆ ಅನುಕೂಲವೇ. ರಾಜ್ಯದ ಪಾಲೂ ಅಲ್ಲಿ ಕಡಿಮೆಯಾಯಿತು, ವಿಧಾನಸಭೆಯ ಮುಂದೆ ಆ ತೀರ್ಮಾನ ಬರಲೇ ಇಲ್ಲ.

ಕೇಂದ್ರದ ನೇರ ತೆರಿಗೆಯೂ ಹಾಗೆಯೇ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಹಂಚಿಕೆಯ ಕೊಳದ (ರಾಜ್ಯಗಳ ಜೊತೆ ಹಂಚಿಕೊಳ್ಳುವ ಕೇಂದ್ರ ತೆರಿಗೆಗಳ ಮೊತ್ತದ) ಶೇ. 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ. 3.647. 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಾಗ ಕೇಂದ್ರ ಹೇಳಿದ ನಷ್ಟ ಸುಮಾರು 1 ಲಕ್ಷ ಕೋಟಿ. ಸ್ಥೂಲವಾಗಿ ಅದರಲ್ಲಿ ಕರ್ನಾಟಕದ ಪಾಲಿನ ನಷ್ಟ 1,495 ಕೋಟಿ. ಅದೇ ಕೇಂದ್ರ ಸೆಸ್ ಇಳಿಸಿದ್ದರೆ ರಾಜ್ಯಕ್ಕೆ ನಷ್ಟ ಸೊನ್ನೆ, ಸೆಸ್ ಕೊಳಕ್ಕೆ ಸೇರುವುದೇ ಇಲ್ಲ.

---

ಗಿರಿಸಾಲು_ಚಿಕ್ಕಮಗಳೂರು

ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಕೇಳಿಕೊಳ್ಳುತ್ತೇನೆ. ಡೀಸೆಲ್ ಮತ್ತು ನೋಂದಣಿ ಶುಲ್ಕದ ನಷ್ಟವನ್ನು ನಾವೇ ಅಂದಾಜು ಮಾಡುವುದು ಹೇಗೆ? ಕಾಯ್ದೆಗೆ ಸೇರಿಸುವ ಸಾಲು ಹೇಗಿರಬೇಕು, ಒಂದು ಕರಡು ಕೊಡುತ್ತೀರಾ? ಕಡೂರಿನವರ ತಕರಾರು, ರಸ್ತೆ ನಿರ್ವಹಣೆ ಎರಡೂ ಅದರಲ್ಲಿ ಬರಬೇಕು.

---

ಹಳೇಬೀಡು_ಓದುಗ

ಲೆಕ್ಕ ನಾನು ಹೇಳುತ್ತೇನೆ, ಕರಡು ಹಾಸನದ ಸರ್ ಬರೆಯಲಿ.

ಡೀಸೆಲ್ ತೆರಿಗೆ ಶೇಕಡಾವಾರು, ಲೀಟರಿಗೆ ಇಷ್ಟು ರೂಪಾಯಿ ಅಂತ ಅಲ್ಲ. ರಾಜ್ಯದ ತೆರಿಗೆ ಬೀಳುವ ಮುಂಚಿನ ಬೆಲೆ 75 ರೂ. ಇದ್ದರೆ, 21.17ಕ್ಕೂ 18.44ಕ್ಕೂ ಇರುವ 2.73ರ ವ್ಯತ್ಯಾಸ ಲೀಟರಿಗೆ 2 ರೂ. 5 ಪೈಸೆ ಆಗುತ್ತದೆ. ಪ್ರತಿ 100 ಕೋಟಿ ಲೀಟರ್ ಮಾರಾಟಕ್ಕೆ 205 ಕೋಟಿ ನಷ್ಟ. ಆ 75 ರೂ. 85 ಆದರೆ ಲೀಟರಿಗೆ 2 ರೂ. 32 ಪೈಸೆ. ಅಂದರೆ ಕಚ್ಚಾ ತೈಲ ಏರಿದ ವರ್ಷ ನಷ್ಟವೂ ಏರುತ್ತದೆ, ಆದರೆ ಉಳಿದ 18.44ರಲ್ಲಿ ಬರುವ ಆದಾಯವೂ ಏರುತ್ತದೆ. ಹಾಗಾಗಿ ಅಂದಾಜಿಗೆ ಒಂದೇ ಬೆಲೆ ಹಿಡಿಯಬೇಡಿ, ಹಿಂದಿನ 12 ತಿಂಗಳ ಸರಾಸರಿ ಹಿಡಿಯಿರಿ. ನಷ್ಟದಿಂದ ಕಳೆಯುವ ಒಂದು ಬಾಬತ್ತೂ ಇದೆ: ಸಾರಿಗೆ ನಿಗಮಗಳು ಡೀಸೆಲ್ ಕೊಳ್ಳುತ್ತವೆ, ಶಕ್ತಿ ಯೋಜನೆಯ ಹಣವನ್ನು ಸರ್ಕಾರ ಅವುಗಳಿಗೆ ತುಂಬಿಕೊಡುತ್ತದೆ. ತೆರಿಗೆ ಇಳಿದರೆ ನಿಗಮಗಳ ಖರ್ಚೂ ಇಳಿಯುತ್ತದೆ. ನಿವ್ವಳ ನಷ್ಟ ಲೆಕ್ಕ ಹಾಕುವಾಗ ಆ ಅಂಶವನ್ನು ಕಳೆಯಬೇಕು ಎಂದು ಬರೆಯಿರಿ.

ನೋಂದಣಿ ಶುಲ್ಕ ಸುಲಭ ಅನ್ನಿಸುತ್ತದೆ. 40 ಲಕ್ಷದ ಆಸ್ತಿಗೆ 80 ಸಾವಿರದ ಬದಲು 40 ಸಾವಿರ, ಅಂದರೆ ಅರ್ಧ. ತೊಡಕು ಇರುವುದು ತಿಂಗಳುಗಳಲ್ಲಿ. ಇಳಿಯುತ್ತದೆ ಎಂಬ ಸುದ್ದಿ ಬಂದರೆ ಜನ ನೋಂದಣಿ ಮುಂದೂಡುತ್ತಾರೆ, ಇಳಿದ ತಿಂಗಳು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೂಕುನುಗ್ಗಲು. ಆ ತಿಂಗಳ ಸಂಖ್ಯೆ ಹಿಡಿದು "ದರ ಇಳಿಸಿದರೆ ಆದಾಯ ಏರುತ್ತದೆ" ಎಂದು ಯಾರೂ ವಾದಿಸಬಾರದು. ಮುಂದೂಡಿದ್ದು ಒಟ್ಟಿಗೆ ಬಂದದ್ದು ಅಷ್ಟೇ. ಏರಿಕೆಗೂ ಇಳಿಕೆಗೂ ಕನಿಷ್ಠ ಆರು ತಿಂಗಳು ಹಿಂದೆ, ಆರು ತಿಂಗಳು ಮುಂದೆ ಬಿಟ್ಟು ಹೋಲಿಸಿ.

---

ಆಯವ್ಯಯ_ಹಾಸನ

ಕರಡು ಹೀಗಿರಬಹುದು. ಕಾನೂನಿನ ಭಾಷೆ ಇಲಾಖೆಯವರು ತಿದ್ದಿಕೊಳ್ಳುತ್ತಾರೆ, ಸಾರ ಮಾತ್ರ ಬಿಡಬೇಡಿ.

"ರಾಜ್ಯ ವಿಧಾನಮಂಡಲದ ಅಧಿನಿಯಮದಿಂದಾಗಲಿ ಸರ್ಕಾರದ ಅಧಿಸೂಚನೆಯಿಂದಾಗಲಿ ಯಾವುದೇ ತೆರಿಗೆ, ಸುಂಕ ಅಥವಾ ಶುಲ್ಕದ ದರ ಇಳಿಸಿ, ಅದರಿಂದ ಒಂದು ಪೂರ್ಣ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ಮೀರಿ ರಾಜಸ್ವ ಕಡಿಮೆಯಾಗುವುದಿದ್ದರೆ, ಮುಂದಿನ ಮೂರು ವರ್ಷಗಳ ನಿವ್ವಳ ನಷ್ಟದ ಅಂದಾಜನ್ನು ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ತೋರಿಸತಕ್ಕದ್ದು. ಆ ವರ್ಷಗಳ ರಾಜಸ್ವ ವೆಚ್ಚದ ಮಿತಿಯನ್ನು ಅಷ್ಟೇ ಮೊತ್ತದಿಂದ ಇಳಿಸತಕ್ಕದ್ದು. ಈ ಮಿತಿಯಲ್ಲಿ ಬಡ್ಡಿ, ರಸ್ತೆ, ನೀರಾವರಿ ಮತ್ತು ಕಟ್ಟಡಗಳ ನಿರ್ವಹಣೆ ಹಾಗೂ ವಿಪತ್ತು ಪರಿಹಾರ ಸೇರಿರುವುದಿಲ್ಲ. ಪೂರಕ ಅಂದಾಜುಗಳು, ಮಾರ್ಚ್ 31ಕ್ಕೆ 90 ದಿನ ಮೀರಿದ ಬಾಕಿ ಬಿಲ್ಲುಗಳು, ಎಸ್ಕಾಂಗಳಿಗೆ ಬಾಕಿ ಇರುವ ಸಹಾಯಧನ ಮತ್ತು ಸರ್ಕಾರದ ಖಜಾನೆಯಿಂದ ತೀರಿಸಬೇಕಾದ ನಿಗಮಗಳ ಸಾಲ ಸೇರಿರುತ್ತವೆ."

ಪ್ರತಿ ಪದಕ್ಕೂ ಕಾರಣ ಇದೆ. ಅಧಿಸೂಚನೆ ಎಂದು ಬರೆಯದಿದ್ದರೆ ಡೀಸೆಲ್ ತೆರಿಗೆ ಈ ಕಲಮಿಗೆ ಸಿಗುವುದೇ ಇಲ್ಲ. 2024ರ ಜೂನ್‌ನಲ್ಲಿ 14.34ರಿಂದ 18.44ಕ್ಕೆ ಏರಿದ್ದು ಬಜೆಟ್‌ನಲ್ಲಿ ಅಲ್ಲ, ಅಧಿಸೂಚನೆಯಲ್ಲಿ. ಶುಲ್ಕ ಎಂಬ ಪದ ಇಲ್ಲದಿದ್ದರೆ ನೋಂದಣಿ ಶುಲ್ಕ ತಪ್ಪಿಸಿಕೊಳ್ಳುತ್ತದೆ. ಪೂರಕ ಅಂದಾಜು ಎಂದು ಬರೆಯದಿದ್ದರೆ ಮಾರ್ಚ್‌ನಲ್ಲಿ ಮಿತಿ ಪಾಲಿಸಿ ಡಿಸೆಂಬರ್‌ನಲ್ಲಿ 205ನೇ ವಿಧಿಯಡಿ ಮತ್ತೆ ಹಣ ಕೇಳಬಹುದು. 500 ಕೋಟಿಯ ಕನಿಷ್ಠ ಗೆರೆ ನನ್ನ ಸಲಹೆ. ಸಣ್ಣಪುಟ್ಟ ದರ ತಿದ್ದುವುದಕ್ಕೆಲ್ಲ ಈ ಯಂತ್ರ ತಿರುಗಬಾರದು. ಗೆರೆ ತಪ್ಪಿಸಲು ಕಡಿತವನ್ನು ತುಂಡು ತುಂಡಾಗಿ ಮಾಡಬಾರದಾದ್ದರಿಂದ "ಒಂದು ವರ್ಷದ ಎಲ್ಲ ಇಳಿಕೆ ಸೇರಿ" ಎಂದೂ ಒಂದು ಸಾಲು ಸೇರಿಸಿ.

ಬುಡದ ವಿಷಯದಲ್ಲಿ ಕೊಲೊರಾಡೊ ತಪ್ಪು ಬೇಡ. "ಮಿತಿಯ ಬುಡ ಹಿಂದಿನ ವರ್ಷದ ಮಿತಿಯೇ ಹೊರತು ಹಿಂದಿನ ವರ್ಷದ ವಾಸ್ತವ ವೆಚ್ಚವಲ್ಲ" ಎಂದು ಬರೆಯಿರಿ. ಬೆಳವಣಿಗೆಗೆ ಜಿಎಸ್‌ಡಿಪಿಯ ಐದು ವರ್ಷದ ಸರಾಸರಿ ಏರಿಕೆ ಹಿಡಿಯಿರಿ. ಒಂದೇ ವರ್ಷದ ಏರಿಕೆ ಹಿಡಿದರೆ ಬರದ ವರ್ಷ ಬಿಗಿ, ಸುಗ್ಗಿಯ ವರ್ಷ ಸಡಿಲ ಆಗುತ್ತದೆ, ಬೇಕಾದದ್ದಕ್ಕೆ ತಿರುಗುಮುರುಗು. ಬರದ ಕಿಟಕಿ: ಬರ ಘೋಷಣೆಯಾದ ವರ್ಷ ಮಿತಿ ಜಿಎಸ್‌ಡಿಪಿಯ ಶೇ. 0.5ರವರೆಗೆ ಮೀರಬಹುದು, ಮೂರು ವರ್ಷದಲ್ಲಿ ಮಿತಿಗೆ ಮರಳುವ ಲೆಕ್ಕವನ್ನು ಸದನದ ಮುಂದೆ ಇಡಬೇಕು.

ಅಂದಾಜು ಮಾಡುವವರು ಯಾರು ಎಂಬುದು ಇನ್ನೂ ಸಡಿಲವಾಗಿದೆ. ಎನ್.ಕೆ. ಸಿಂಗ್ ಸಮಿತಿ 2017ರಲ್ಲೇ ಕೇಂದ್ರಕ್ಕೆ ಸ್ವತಂತ್ರ ವಿತ್ತೀಯ ಮಂಡಳಿ ಬೇಕು ಎಂದಿತ್ತು. ರಾಜ್ಯದಲ್ಲಿ ಅದನ್ನು ಕೇಳಿದರೆ ಕಡತ ಅಲ್ಲೇ ನಿಲ್ಲುತ್ತದೆ. ಬದಲಿಗೆ, ಪ್ರತಿ ಇಳಿಕೆಗೂ ಮೊದಲ ಅಂದಾಜು ಮತ್ತು ಎರಡು ವರ್ಷದ ನಂತರದ ವಾಸ್ತವ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಪ್ರಕಟಿಸಬೇಕು, ಅದನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡಬೇಕು ಎಂದು ಕೇಳಿ. ಇದಕ್ಕೆ ಇಲ್ಲ ಅನ್ನಲು ಕಾರಣ ಸಿಗುವುದಿಲ್ಲ.

---

ಎತ್ತಿನಹಳ್ಳ_ಕಡೆಯವ

ಕರಡಿನಲ್ಲಿ ಪಂಚಾಯಿತಿ ಬಿಟ್ಟುಹೋಗಿದೆ. ಸ್ಥಳೀಯ ಸಂಸ್ಥೆಗಳ ಪಾಲನ್ನು ರಾಜ್ಯದ ಸಾಲೇತರ ಸ್ವಂತ ರಾಜಸ್ವದ ಮೇಲೆ ಲೆಕ್ಕ ಹಾಕುತ್ತಾರೆ. ಡೀಸೆಲ್ ತೆರಿಗೆ ಇಳಿದರೆ ಆ ಬುಡವೇ ಇಳಿಯುತ್ತದೆ. ಅದರ ಮೇಲೆ ಖರ್ಚಿನ ಮಿತಿಯ ಹೆಸರಲ್ಲಿ ಅನುದಾನವೂ ಕಡಿತವಾದರೆ ಒಂದೇ ನಷ್ಟಕ್ಕೆ ಎರಡು ಸಲ ಪೆಟ್ಟು. ಆಗ ಗ್ರಾಮ ಪಂಚಾಯಿತಿ ಮನೆ ಕಂದಾಯ, ನೀರಿನ ಕರ ಏರಿಸದೆ ಬೇರೆ ದಾರಿ ಇರುವುದಿಲ್ಲ. "ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಶಾಸನಬದ್ಧ ಅನುದಾನ ಈ ಮಿತಿಯಿಂದ ಹೊರಗೆ" ಎಂದು ಬಡ್ಡಿ, ನಿರ್ವಹಣೆಯ ಸಾಲಿನಲ್ಲೇ ಸೇರಿಸಿ.

ಮನವಿಯನ್ನು ಹಣಕಾಸು ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿಯವರ ಹೆಸರಿಗೆ ಬರೆದು, ಪ್ರತಿ ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಕೊಡಿ. 2025-26ರ ಬಜೆಟ್ ಮಂಡನೆಯಾದದ್ದು ಮಾರ್ಚ್ 7ಕ್ಕೆ. ಮಂಡನೆಗೆ ವಾರ ಮುಂಚೆ ಕೊಟ್ಟದ್ದನ್ನು ಯಾರೂ ಓದುವುದಿಲ್ಲ, ಡಿಸೆಂಬರ್‌ನಲ್ಲೇ ತಲುಪಬೇಕು. ಬೇಡಿಕೆ ಒಂದು ಪುಟ, ಕರಡು ಕಲಮು ಒಂದು ಪುಟ, ಡೀಸೆಲ್ ಮತ್ತು ನೋಂದಣಿ ಶುಲ್ಕದ ನಷ್ಟದ ಪಟ್ಟಿ ಒಂದು ಪುಟ. ಪಟ್ಟಿಯಲ್ಲಿ ಡೀಸೆಲ್‌ಗೆ 0040, ನೋಂದಣಿಗೆ 0030 ಎಂದು ಶೀರ್ಷಿಕೆ ಸಂಖ್ಯೆ ನಮೂದಿಸಿ.